“ಮನೇಲಿ ಓದ್ಕಳ್ಳಿ” ಎಂದು ಬಿಟ್ಟ ಆ ಎರಡು ಪುಟ: ಹೈಸ್ಕೂಲಿನಲ್ಲಿ ಗರ್ಭನಿರೋಧಕದ ಪಾಠ ಮಾಡುವುದು ಹೇಗೆ?

ಅಘನಾಶಿನಿ ಅಕ್ಕೋರು

ಕುಮಟಾ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ವಾರ ಹತ್ತನೇ ತರಗತಿಯಲ್ಲಿ ‘ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?’ ಪಾಠ ಶುರುವಾಯಿತು. ಅಮೀಬಾ ಎರಡಾಯಿತು, ಈಸ್ಟ್ ಮೊಗ್ಗು ಬಿಟ್ಟಿತು, ದಾಸವಾಳದ ಹೂ ಸೀಳಿ ನೋಡಿದ್ದೂ ಆಯಿತು. ಮನುಷ್ಯರ ಭಾಗ ಬಂದದ್ದೇ ತಡ, ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ. ಹುಡುಗಿಯರ ಸಾಲಿನಲ್ಲಿ ತಗ್ಗಿದ ತಲೆ ಏಳಲೇ ಇಲ್ಲ. ಒಬ್ಬ ಎದ್ದು ನಿಂತು, “ಅಕ್ಕೋರೆ, ಇದು ಮನೇಲಿ ಓದ್ಕಳ್ಳೂದಾ?” ಅಂದ. ಅವನ ತಪ್ಪಲ್ಲ. ಅವನ ಅಣ್ಣನ ಕಾಲದಲ್ಲೂ ಹಾಗೇ ಹೇಳಿ ಬಿಟ್ಟಿದ್ದರಂತೆ. ನಾನು ಓದುವಾಗ ನಮ್ಮ ಮಾಸ್ತರರು ಆ ಪುಟಕ್ಕೆ ಬಂದಾಗ ಸೀಮೆಸುಣ್ಣ ಮೇಜಿನ ಮೇಲಿಟ್ಟು, ಕಿಟಕಿಯಾಚೆ ನೋಡುತ್ತ “ಇದು ಸುಲಭ ಇದೆ” ಎಂದು ಮುಂದಿನ ಪಾಠಕ್ಕೆ ಹಾರಿದ್ದು ನೆನಪಿದೆ.

ಈ ಸಲ ಹಾರಬಾರದು ಅಂತ ಹಟ ಹಿಡಿದೆ. ಚಪ್ಪಲಿ ಅಂಗಡಿಯಿಂದ ಒಂದು ರಟ್ಟಿನ ಡಬ್ಬ ತಂದು, ಮೇಲೊಂದು ಸೀಳು ಮಾಡಿ, ಸ್ಟಾಫ್ ರೂಮಿನ ಹೊರಗಿಟ್ಟೆ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಹಾಕಿ, ಹೆಸರು ಬೇಡ, ಎಡಗೈಯಲ್ಲಿ ಬರೆದರೂ ಸರಿ. ಪ್ರಶ್ನೆ ಇಲ್ಲದವರು ಖಾಲಿ ಚೀಟಿಯನ್ನಾದರೂ ಹಾಕಲೇಬೇಕು, ಇಲ್ಲದಿದ್ದರೆ ಹಾಕಿದವರು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದಲ್ಲ.

ಖಾಲಿ ಚೀಟಿ ಕಡಿಮೆಯೇ ಇದ್ದವು. ಕೆಲವನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ:

“ಒಂದೇ ಸಲಕ್ಕೆ ಗರ್ಭ ನಿಲ್ಲೂದಿಲ್ಲ ಅಂತಾರೆ ನಿಜವಾ?”

“ಟೀವೀಲಿ ತೋರ್ಸೂ ಮಾತ್ರೆ ತಿಂದ್ರೆ ಮುಂದೆ ಮಕ್ಕಳೇ ಆಗೂದಿಲ್ವಾ”

“ನಮ್ಮ ಅತ್ತಿಗೆಗೆ ಕಾಪರ್ಟಿ ಹಾಕ್ಸಿದಾರೆ. ಅದು ಮೇಲೆ ಮೇಲೆ ಹೋಗಿ ಎದೆಗೆ ಬರ್ತದಂತೆ ಹೌದಾ”

“ಪಪ್ಪಾಯಿ ತಿಂದ್ರೆ ಸಾಕಂತೆ”

“ಇದು ಎಷ್ಟು ಮಾರ್ಕಿಗೆ ಬರ್ತದೆ”

ಪುಸ್ತಕದಲ್ಲಿ ಕಾಂಡೋಮ್, ಮಾತ್ರೆ, ಕಾಪರ್-ಟಿ, ಶಸ್ತ್ರಚಿಕಿತ್ಸೆ ಎಲ್ಲದರ ಹೆಸರೂ ಇದೆ. ಮಕ್ಕಳಿಗೆ ಬಾಯಿಪಾಠವೂ ಬರುತ್ತದೆ. ಆದರೆ ಈ ಚೀಟಿಗಳಿಗೆ ಪುಸ್ತಕದಲ್ಲಿ ಉತ್ತರವಿಲ್ಲ. ಉತ್ತರ ಹೇಳೋಣವೆಂದರೆ ಅಷ್ಟರಲ್ಲಿ ಯಾರೋ ಪಾಲಕರು ಫೋನ್ ಮಾಡಿ, ಹೆಡ್ ಮಾಸ್ತರರು “ಸದ್ಯಕ್ಕೆ ಡಬ್ಬ ಒಳಗಿಡಿ” ಅಂದರು. ಶನಿವಾರ ಪಾಲಕರ ಸಭೆ. ನಾನು ಕೇಳುವುದು ಎರಡೇ. ಈ ಪ್ರಶ್ನೆಗಳಿಗೆ ಹದಿನೈದರ ಮಕ್ಕಳಿಗೆ ಹೇಳಬಹುದಾದ ಸರಿಯಾದ ಉತ್ತರ ಏನು? ಪಾಠ ಮಾಡಿದ್ದಕ್ಕೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾಯ್ದೆ, ಪೋಕ್ಸೊ ಗೀಕ್ಸೊ ಅಂತ ನನ್ನ ಕೊರಳಿಗೆ ಬೀಳುತ್ತದಾ?

ಅಡಿಕೆ ತೋಟ

ನನ್ನ ಮಗಳು ಶಿರಸಿಯಲ್ಲಿ ಒಂಬತ್ತನೇ ತರಗತಿ. ನೇರವಾಗಿ ಹೇಳುತ್ತೇನೆ ಅಕ್ಕೋರೆ, ಬೇಸರ ಮಾಡಿಕೊಳ್ಳಬೇಡಿ. ಹೂವು, ಪರಾಗ ಕಲಿಸಿ, ಬೇಡ ಅನ್ನುವುದಿಲ್ಲ. ಇಂಥ ಮಾತ್ರೆ ಇದೆ, ಇಷ್ಟು ಗಂಟೆಯೊಳಗೆ ನುಂಗಬೇಕು ಎಂದು ಕಲಿಸಿದರೆ ಅದು ಪಾಠವಾಗುವುದಿಲ್ಲ, ದಾರಿ ತೋರಿಸಿದ ಹಾಗಾಗುತ್ತದೆ. ನಮಗೆ ಯಾರು ಹೇಳಿಕೊಟ್ಟಿದ್ದರು? ನಾವೆಲ್ಲ ಸಂಸಾರ ಮಾಡಲಿಲ್ಲವೇ?

ಮಾತ್ರೆ ಮಾರುವವ

ತೋಟದವರೇ, ನಿಮ್ಮೂರಿನಲ್ಲೇ ಮೆಡಿಕಲ್ ಶಾಪ್ ಇಟ್ಟಿದ್ದೇನೆ, ಹತ್ತೊಂಬತ್ತು ವರ್ಷ ಆಯಿತು. “ನಾವು ಸಂಸಾರ ಮಾಡಲಿಲ್ಲವೇ” ಎನ್ನುವವರು ನನ್ನ ಕೌಂಟರಿಗೆ ಹೇಗೆ ಬರುತ್ತಾರೆ ಎಂದು ಹೇಳುತ್ತೇನೆ, ಕೇಳಿ.

ನಲವತ್ತು ದಾಟಿದವರು, ಮನೆಯಲ್ಲಿ ಇಬ್ಬರು ಮಕ್ಕಳಿದ್ದವರು. ಅಂಗಡಿಯಲ್ಲಿ ಬೇರೆ ಗಿರಾಕಿ ಇದ್ದರೆ ಕ್ರೋಸಿನ್ ಒಂದು ಸ್ಟ್ರಿಪ್ ಕೇಳುತ್ತಾರೆ. ಗಿರಾಕಿ ಹೋಗಲಿಲ್ಲವೆಂದರೆ ಕೆಮ್ಮಿನ ಸಿರಪ್ಪನ್ನೂ ಕೇಳುತ್ತಾರೆ. ಅಂಗಡಿ ಖಾಲಿಯಾದ ಮೇಲೆ ಬೆರಳಲ್ಲಿ ತೋರಿಸುತ್ತಾರೆ, ಬಾಯಲ್ಲಿ ಹೆಸರಿಲ್ಲ. ನಾನು ಹಳೇ ಪೇಪರಿನಲ್ಲಿ ಸುತ್ತಿ, ರಬ್ಬರ್ ಹಾಕಿ ಕೊಡಬೇಕು. ಸ್ಯಾನಿಟರಿ ಪ್ಯಾಡಿಗೂ ಇದೇ ಪೇಪರ್ ಸೇವೆ. ಅದೇ ಗುಟಕಾ ಕೊಂಡವರು ನಡುರಸ್ತೆಯಲ್ಲಿ ಹರಿದು ಬಾಯಿಗೆ ಹಾಕಿಕೊಳ್ಳುತ್ತಾರೆ.

ಇನ್ನು ಹುಡುಗರು. ಬಾಗಿಲು ಹಾಕುವ ಹೊತ್ತಿಗೆ ಬರುತ್ತಾರೆ, ಕಾಲೇಜಿನವರೇ ಹೆಚ್ಚು. ಕೇಳುವುದು ತುರ್ತು ಮಾತ್ರೆ. ಎಷ್ಟು ಗಂಟೆಯಾಯಿತು ಎಂದು ಕೇಳಿದರೆ “ನಾಲ್ಕೈದು ದಿನ ಆಗಿರಬಹುದು” ಎನ್ನುತ್ತಾರೆ. ಅದು ಕೆಲಸ ಮಾಡುವುದು 72 ಗಂಟೆಯೊಳಗೆ ತೆಗೆದುಕೊಂಡರೆ, ಅದೂ ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಬರೆದಿದೆ. ಓದಿ ಹೇಳಿದರೆ ಮುಖ ಬಿಳುಚಿಕೊಳ್ಳುತ್ತದೆ. ದಾರಿ ಅವರಿಗೆ ಎಂದೋ ಗೊತ್ತಾಗಿದೆ ತೋಟದವರೇ, ಗಂಟೆಯ ಲೆಕ್ಕ ಗೊತ್ತಿಲ್ಲ.

ಮತ್ತೊಂದು ಮಾತು. 2022ರ ಕೊನೆಗೆ ಬೆಂಗಳೂರಿನ ಶಾಲೆಗಳಲ್ಲಿ ಮಕ್ಕಳ ಬ್ಯಾಗ್ ತಪಾಸಣೆ ಮಾಡಿ, ಕಾಂಡೋಮ್ ಮತ್ತು ಮಾತ್ರೆ ಸಿಕ್ಕವು ಎಂದು ದೊಡ್ಡ ಸುದ್ದಿಯಾಯಿತಲ್ಲ, ಅದರ ಹಿಂದೆಯೇ 2023ರ ಜನವರಿಯಲ್ಲಿ “18 ತುಂಬದವರಿಗೆ ಮಾರುವಂತಿಲ್ಲ” ಎಂದು ಪೇಪರುಗಳಲ್ಲಿ ಬಂತು. ಆಮೇಲೆ ಔಷಧ ನಿಯಂತ್ರಣ ಇಲಾಖೆಯೇ ಅಂಥ ನಿಷೇಧ ಇಲ್ಲ, ತಿಳಿಹೇಳಿ ಅಂದಿದ್ದೇವೆ ಎಂದಿತು. ತಿಳಿಹೇಳುವುದು ಎಲ್ಲಿ, ಕ್ಯೂನಲ್ಲಿ ನಿಂತ ಐದು ಜನರ ಎದುರಿಗಾ?

ಗಂಗಾವಳಿ

ಪೇಪರ್ ಸೇವೆ 😄 ನಮ್ಮ ಅಂಕೋಲೆಯಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲ.

ಡಾಕ್ಟ್ರಮ್ಮ ಕಾರವಾರ

ಅಕ್ಕೋರೆ, ಚೀಟಿಗಳಿಗೆ ನಾನು ಉತ್ತರ ಬರೆಯುತ್ತೇನೆ, ಬೇಕಾದಂತೆ ಇಳಿಸಿಕೊಳ್ಳಿ.

ಮೊದಲ ಚೀಟಿ. ಒಂದೇ ಸಲಕ್ಕೂ ಗರ್ಭ ನಿಲ್ಲುತ್ತದೆ. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಿರಬಹುದು. ಹದಿಹರೆಯದಲ್ಲಿ ಹಲವರಿಗೆ ಮುಟ್ಟು ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ಒಮ್ಮೆ ಇಪ್ಪತ್ತೈದು ದಿನ, ಇನ್ನೊಮ್ಮೆ ನಲವತ್ತು. ಹಾಗಾಗಿ “ಇಂಥ ದಿನ ಅಪಾಯವಿಲ್ಲ” ಎಂಬ ಕ್ಯಾಲೆಂಡರ್ ಲೆಕ್ಕ ಈ ವಯಸ್ಸಿನಲ್ಲಿ ನಂಬುವಂಥದ್ದಲ್ಲ.

ಟೀವಿಯ ಮಾತ್ರೆ ಲೆವೊನಾರ್ಜೆಸ್ಟ್ರೆಲ್, 1.5 ಮಿಲಿಗ್ರಾಂ. ಅದು ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ. ಆಗಲೇ ಗರ್ಭ ನಿಂತಿದ್ದರೆ ಅದರಿಂದ ಏನೂ ಆಗುವುದಿಲ್ಲ, ಗರ್ಭ ಹೋಗುವುದೂ ಇಲ್ಲ. ಬಂಜೆತನವೂ ಬರುವುದಿಲ್ಲ, ಇದು ಊರ ತುಂಬ ಇರುವ ಸುಳ್ಳು. ಆದರೆ ಮುಂದಿನ ಮುಟ್ಟು ಹಿಂದೆ ಮುಂದೆ ಆಗಬಹುದು. ಹೆಸರಲ್ಲೇ ತುರ್ತು ಅಂತಿದೆ, ಅದನ್ನು ಪ್ರತಿಸಲದ ಉಪಾಯ ಮಾಡಿಕೊಳ್ಳಬಾರದು. ಸೋಂಕಿನಿಂದಂತೂ ಅದು ಕಾಪಾಡುವುದೇ ಇಲ್ಲ. ಗರ್ಭ ಮತ್ತು ಲೈಂಗಿಕ ಸೋಂಕು ಎರಡನ್ನೂ ತಡೆಯುವುದು ಕಾಂಡೋಮ್ ಮಾತ್ರ. ಅದೂ ನೂರಕ್ಕೆ ನೂರಲ್ಲ. ಜನ ಬಳಸುವ ರೀತಿಯಲ್ಲಿ ಬಳಸಿದರೆ ವರ್ಷಕ್ಕೆ ನೂರು ಮಹಿಳೆಯರಲ್ಲಿ ಸುಮಾರು 13 ಮಂದಿಗೆ ಗರ್ಭ ನಿಲ್ಲುತ್ತದೆ, ಒಂದು ಸಲವೂ ತಪ್ಪದೆ ಸರಿಯಾಗಿ ಬಳಸಿದರೆ 2. ಈ ಎರಡು ಅಂಕಿಗಳ ನಡುವಿನ ಅಂತರವೇ ನಿಮ್ಮ ಪಾಠ.

ಕಾಪರ್-ಟಿ ಗರ್ಭಕೋಶದೊಳಗೆ ಇರುತ್ತದೆ, ಎದೆಗೆ ಹೋಗಲು ದಾರಿಯೇ ಇಲ್ಲ. ಅಪರೂಪಕ್ಕೆ ಜಾರುವುದುಂಟು, ಗೋಡೆಗೆ ಚುಚ್ಚುವುದು ಇನ್ನೂ ಅಪರೂಪ. ಅದಕ್ಕೇ ಹಾಕಿಸಿಕೊಂಡ ಮೇಲೆ ಒಮ್ಮೆ ತೋರಿಸಿ ಎನ್ನುವುದು. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಬಗೆ ಇವೆ, 380ಎ ಹತ್ತು ವರ್ಷಕ್ಕೆ, 375 ಐದು ವರ್ಷಕ್ಕೆ. ಅತ್ತಿಗೆಯ ಕಾರ್ಡಿನಲ್ಲಿ ಬರೆದಿರುತ್ತದೆ.

ಪಪ್ಪಾಯಿ ತಿನ್ನಲಿ, ಕಣ್ಣಿಗೆ ಒಳ್ಳೆಯದು. ಗರ್ಭನಿರೋಧಕ ಅಲ್ಲ.

ಮಾರ್ಕಿನ ಪ್ರಶ್ನೆ ನಿಮ್ಮದು!

ಹೊನ್ನಾವರದ ಆಶಾ

ಡಾಕ್ಟ್ರಮ್ಮ ಹೇಳಿದ ಮೇಲೆ ನಾನು ಹೇಳುವುದೇನಿಲ್ಲ, ಆದರೂ ಬರೆಯುತ್ತೇನೆ. ನಮ್ಮ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ನಿರೋಧ್ ಕಾಂಡೋಮ್, ಮಾಲಾ-ಎನ್ ಮಾತ್ರೆ, ಛಾಯಾ ಇರುತ್ತವೆ. ಛಾಯಾ ಹಾರ್ಮೋನ್ ಇಲ್ಲದ ಮಾತ್ರೆ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅಂತರಾ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ, ಅದಕ್ಕೆ ಆಸ್ಪತ್ರೆಗೇ ಬರಬೇಕು. ಇದೆಲ್ಲ ಮದುವೆಯಾದವರ ಮನೆಗೆ ಮಾತ್ರ. ಮದುವೆಯಾಗದ ಹುಡುಗಿ ಇರುವ ಮನೆಯಲ್ಲಿ ಚೀಲ ಬಿಚ್ಚಿದರೆ ಜಗಲಿ ಇಳಿಸುತ್ತಾರೆ.

ಮದುವೆಯಾದವರಲ್ಲೂ ನೋಡಿ. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದವಳಿಗೆ ಅತ್ತೆ “ಮೊದಲು ಒಂದು ಆಗಲಿ” ಎನ್ನುತ್ತಾರೆ. ಎರಡಾದ ಮೇಲೆ ಸೀದಾ ಆಪರೇಷನ್ನು. ನಡುವೆ ಅಂತರ ಇಡುವುದು, ಗಂಡ ಜವಾಬ್ದಾರಿ ತೆಗೆದುಕೊಳ್ಳುವುದು ಎಂಬುದೇ ಇಲ್ಲ. 2019ರಿಂದ 21ರವರೆಗೆ ಕುಟುಂಬ ಆರೋಗ್ಯ ಸಮೀಕ್ಷೆ ಆಯಿತಲ್ಲ, ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇಕಡ 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಅದೇ ಸಮೀಕ್ಷೆಯಲ್ಲಿ, 20ರಿಂದ 24 ವಯಸ್ಸಿನವರಲ್ಲಿ ಶೇಕಡ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅಂದರೆ “ಹೈಸ್ಕೂಲ್ ಮಕ್ಕಳಿಗೆ ಎಂತಕ್ಕೆ” ಎನ್ನುವವರು ಇದನ್ನು ಯೋಚಿಸಲಿ. ಕೆಲವು ಹುಡುಗಿಯರಿಗೆ ಆ ಪಾಠಕ್ಕೂ ತಾಳಿಗೂ ನಡುವೆ ಎರಡು ವರ್ಷವೂ ಸಿಗುವುದಿಲ್ಲ.

ಬೈತಖೋಲ ಮಾವ

ನಾನು ಓದಿದವನಲ್ಲ, ಬೋಟಿನ ಕೆಲಸ. ತಪ್ಪಿದ್ದರೆ ಕ್ಷಮಿಸಿ. ಎಲ್ಲರೂ ಹುಡುಗಿಯರ ಮಾತೇ ಆಡುತ್ತೀರಿ. ನನ್ನ ಅಕ್ಕನ ಮಗ ಹೇಳ್ತಿದ್ದ, ಶಾಲೆಯಲ್ಲಿ ಶುಚಿ ಪ್ಯಾಡ್ ಕೊಡುವ ದಿನ ನರ್ಸಮ್ಮ ಬಂದರೆ ಗಂಡು ಹುಡುಗರನ್ನೆಲ್ಲ ಗ್ರೌಂಡಿಗೆ ಕಳಿಸ್ತಾರಂತೆ, ವಾಲಿಬಾಲ್ ಆಡ್ಕಳ್ಳಿ ಅಂತ. ಅಲ್ಲಿಂದ ಅವರ ಪಾಠ ಮೊಬೈಲಿನಲ್ಲಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಗೋವಾಕ್ಕೋ ಮಲ್ಪೆಗೋ ಹೋಗ್ತಾರೆ, ರಾತ್ರಿ ಬೋಟಿನಲ್ಲಿ ನೆಟ್‌ವರ್ಕ್ ಇದ್ದಷ್ಟು ದೂರ ಅದೇ ನೋಡೋದು. ಅದರಲ್ಲಿ ಬೇಡ ಅಂದರೆ ಬೇಡ ಅಂತ ಕಲಿಸೋದಿಲ್ಲ. ಹೊಡೆದು ಬಡಿದು ಮಾಡೋದೇ ಗಂಡಸುತನ ಅಂತ ತೋರಿಸ್ತದೆ. ವಾಲಿಬಾಲ್ ಇನ್ನೊಂದು ದಿನ ಆಡಿಸಬಹುದಲ್ಲ ಅಕ್ಕೋರೆ.

ಸದ್ಯ ಬೆಂಗಳೂರು

ಮಾವ ಹೇಳಿದ್ದಕ್ಕೆ ನೂರು ಲೈಕ್.

ನಾನು ಭಟ್ಕಳ ಕಡೆಯವಳು, ಈಗ ಕೆಲಸದಲ್ಲಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ತೊಂಬತ್ತರ ಮೇಲೆ. “ಗರ್ಭನಿರೋಧಕ ವಿಧಾನಗಳನ್ನು ವಿವರಿಸಿ” ಎಂದರೆ ಉಸಿರು ಕಟ್ಟದೆ ಬರೆಯುತ್ತಿದ್ದೆ. ಬೆಂಗಳೂರಿಗೆ ಬಂದ ಮೇಲೆ ಪಿಜಿಯಲ್ಲಿ ರೂಮ್‌ಮೇಟ್, ಇಪ್ಪತ್ತೊಂದು ವಯಸ್ಸು, ಒಂದೇ ತಿಂಗಳಲ್ಲಿ ಮೂರು ಸಲ ತುರ್ತು ಮಾತ್ರೆ ನುಂಗಿ, ಮುಟ್ಟು ಏರುಪೇರಾಗಿ, ಅಳುತ್ತ ಕೂತಿದ್ದಳು. ನನಗೆ ಗೊತ್ತಿದ್ದದ್ದು ಎರಡು ಮಾರ್ಕಿನ ಉತ್ತರ. ಆಸ್ಪತ್ರೆಯಲ್ಲಿ ಯಾವ ವಿಭಾಗಕ್ಕೆ ಹೋಗಬೇಕು, ಚೀಟಿ ಮಾಡಿಸುವಾಗ ಏನು ಹೇಳಬೇಕು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಅಲ್ಲಿ ಕೌಂಟರಿನವಳು “ಮ್ಯಾರೀಡಾ?” ಎಂದು ಗಟ್ಟಿಯಾಗಿ ಕೇಳಿದ್ದು ಈಗಲೂ ಕಿವಿಯಲ್ಲಿದೆ.

ಅಡಿಕೆ ತೋಟ

ತಂಗೀ, ನೀನು ಹೇಳಿದ್ದು ಇಪ್ಪತ್ತೊಂದರವಳ ಕತೆ. ಇಪ್ಪತ್ತೊಂದಕ್ಕೆ ತಿಳಿಸಲಿ, ನನ್ನದೇನೂ ತಕರಾರಿಲ್ಲ. ಹದಿನೈದಕ್ಕೆ ಯಾಕೆ?

ಸದ್ಯ ಬೆಂಗಳೂರು

ಇಪ್ಪತ್ತೊಂದಕ್ಕೆ ತಿಳಿಸುವವರು ಯಾರು ಅಣ್ಣ? ಆಗ ಅಕ್ಕೋರೂ ಇಲ್ಲ, ಆಯಿಯೂ ಹತ್ತಿರ ಇಲ್ಲ. ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡರೆ ಜೀವಶಾಸ್ತ್ರ ಅಲ್ಲಿಗೇ ಮುಗಿಯಿತು. ಹತ್ತನೇ ತರಗತಿಯೇ ಕಡೆಯ ಬಸ್ಸು.

ಕರಿ ಕೋಟು

ಅಕ್ಕೋರ ಎರಡನೇ ಪ್ರಶ್ನೆಗೆ ಬರುತ್ತೇನೆ. ನಾನು ಜಿಲ್ಲೆಯ ಕೋರ್ಟುಗಳಲ್ಲಿ ಓಡಾಡುವವನು.

ಪಠ್ಯಪುಸ್ತಕದಲ್ಲಿ ಇರುವುದನ್ನು ತರಗತಿಯಲ್ಲಿ ಪಾಠ ಮಾಡುವುದು ಯಾವ ಕಾಯ್ದೆಯಲ್ಲೂ ಅಪರಾಧವಲ್ಲ. ಪೋಕ್ಸೊ 2012ರ ಕಾಯ್ದೆ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಒಪ್ಪಿಗೆಗೆ ಬೆಲೆಯಿಲ್ಲ. ಇಬ್ಬರೂ ಹದಿನೇಳರವರಾಗಿ, ಇಷ್ಟಪಟ್ಟೇ ಇದ್ದರೂ ಹುಡುಗನ ಮೇಲೆ ಕೇಸು ನಿಲ್ಲುತ್ತದೆ. ಇದನ್ನು ಮಕ್ಕಳಿಗೆ ಯಾರೂ ಹೇಳಿಲ್ಲ. 2022ರಲ್ಲಿ ಧಾರವಾಡ ಪೀಠದ ಮುಂದೆ ಇಂಥದೊಂದು ಪ್ರಕರಣ ಬಂದಾಗ, ವಯಸ್ಸಿನ ಮಾನದಂಡವನ್ನು ಕಾನೂನು ಆಯೋಗ ಮರುಯೋಚಿಸಬೇಕು ಎಂದೂ, ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಬಗ್ಗೆ ತಿಳಿಸಲು ವ್ಯವಸ್ಥೆ ಮಾಡಬೇಕು ಎಂದೂ ಹೈಕೋರ್ಟ್ ಹೇಳಿತು. ನಮ್ಮ ಜಿಲ್ಲೆ ಅದೇ ಪೀಠದ ವ್ಯಾಪ್ತಿಗೆ ಬರುತ್ತದೆ. ಕಾನೂನು ಆಯೋಗ ಮಾತ್ರ 2023ರಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. ಹಾಗಾಗಿ ಇವತ್ತಿಗೂ 18 ಅಂದರೆ 18.

ನಿಮಗೆ ಅನ್ವಯವಾಗುವುದು 19ನೇ ಕಲಂ. ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಆರು ತಿಂಗಳವರೆಗೂ ಶಿಕ್ಷೆಯಿದೆ. “ಪಪ್ಪಾಯಿ ಸಾಕಂತೆ” ಎಂಬ ಹೆಸರಿಲ್ಲದ ಚೀಟಿಯಿಂದ ನಿಮಗೆ ಅಂಥದ್ದೇನೂ “ಗೊತ್ತಾಗುವುದಿಲ್ಲ”. ಆದರೆ “ನಮ್ಮ ಮಾವ ಹೀಗೆ ಮಾಡ್ತಾರೆ” ಎಂಬ ಚೀಟಿ ಬಂತೋ, ಅವತ್ತು ಡಬ್ಬ ಒಳಗಿಟ್ಟು ಸುಮ್ಮನಿರುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಈ ಮಾತನ್ನು ಡಬ್ಬ ಇಡುವ ಮೊದಲೇ ಮಕ್ಕಳಿಗೂ ಹೇಳಿಬಿಡಿ. ಗುಟ್ಟು ಕಾಪಾಡುತ್ತೇನೆ ಎಂದು ಪೂರ್ತಿ ಮಾತು ಕೊಟ್ಟು ಆಮೇಲೆ ಮುರಿಯುವುದು ಮೋಸ.

ಡಾಕ್ಟರರಿಗೊಂದು ಸಮಾಧಾನ ಇದೆ. 18ರೊಳಗಿನವಳು ಗರ್ಭಪಾತಕ್ಕೆ ಬಂದಾಗ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ, ಅವಳು ಮತ್ತು ಪಾಲಕರು ಕೇಳಿಕೊಂಡರೆ, ಹೆಸರು ಗುರುತು ತಿಳಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ಪಾಲಕರ ಲಿಖಿತ ಒಪ್ಪಿಗೆ ಮಾತ್ರ ಬೇಕೇ ಬೇಕು.

ಡಾಕ್ಟ್ರಮ್ಮ ಕಾರವಾರ

ಆ ತೀರ್ಪು ಬರುವ ಮೊದಲು ಎಷ್ಟು ಜನ ಕೇಸಿನ ಹೆದರಿಕೆಗೆ ಆಸ್ಪತ್ರೆ ಬಿಟ್ಟು ಎಲ್ಲೆಲ್ಲೋ ಹೋಗುತ್ತಿದ್ದರು! ಈಗಲೂ ಹೋಗುತ್ತಾರೆ. ಐದು ತಿಂಗಳಾದ ಮೇಲೆ ಬರುತ್ತಾರೆ, ರಕ್ತದಲ್ಲಿ ಹಿಮೋಗ್ಲೋಬಿನ್ ಬರೀ ಆರು ಗ್ರಾಂ ಇರುತ್ತದೆ. ಹೆಚ್ಚು ಬರೆಯಲಾರೆ.

ನಿವೃತ್ತ ಮಾಸ್ತರ

ಇದೇನು ಹೊಸ ಜಗಳವಲ್ಲ. 2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಿತ್ತು, ನಮಗೆಲ್ಲ ತರಬೇತಿ ಎಂದರು, ಚಿತ್ರಗಳಿದ್ದ ಪುಸ್ತಕಗಳೂ ಬಂದವು. ಚಿತ್ರ ನೋಡಿ ಗಲಾಟೆಯಾಗಿ 2007ರಲ್ಲಿ ಕರ್ನಾಟಕ, ಮಹಾರಾಷ್ಟ್ರ, ಗುಜರಾತ್ ಇನ್ನೂ ಕೆಲವು ರಾಜ್ಯಗಳು ಬೇಡವೆಂದವು. ನಮ್ಮ ಶಾಲೆಯ ಕಟ್ಟು ಬಿಚ್ಚದೆ ಹಾಗೇ ಕಪಾಟಿನಲ್ಲಿತ್ತು, ಗೆದ್ದಲು ಪೂರ್ತಿ ಓದಿತು.

ಇನ್ನೂ ಹಿಂದೆ ಹೋಗಿ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ನಾವು ಆಗ ಮುಂಬೈ ಪ್ರಾಂತ್ಯದವರು. ಆ ಮುಂಬೈಯಲ್ಲಿ ರಘುನಾಥ ಧೋಂಡೋ ಕರ್ವೆ 1921ರಲ್ಲಿ ಇಂಥ ಕ್ಲಿನಿಕ್ ಇಟ್ಟರು. ಗಣಿತದ ಪ್ರೊಫೆಸರ್ ಅವರು, ಈ ವಿಷಯಕ್ಕೇ ಕೆಲಸ ಕಳೆದುಕೊಂಡರು. ಅಕ್ಕೋರೆ, ನಿಮ್ಮ ಡಬ್ಬವನ್ನಷ್ಟೇ ಒಳಗಿಡಿಸಿದ್ದಾರೆ, ಹೆದರಬೇಡಿ.

ನಾವು ಚಿಕ್ಕವರಿದ್ದಾಗ ಆಸ್ಪತ್ರೆ ಗೋಡೆಯ ಮೇಲೆ ಕೆಂಪು ತ್ರಿಕೋನ, “ನಾವಿಬ್ಬರು, ನಮಗಿಬ್ಬರು”. ಅದರ ಅರ್ಥ ಕೇಳಿದ್ದಕ್ಕೆ ನನ್ನ ಅಪ್ಪಯ್ಯ ಕಿವಿ ಹಿಂಡಿದ್ದರು. ಊರಿಗೆಲ್ಲ ಕಾಣುವಂತೆ ಬರೆದದ್ದನ್ನು ಮನೆಯಲ್ಲಿ ಕೇಳಬಾರದಿತ್ತು.

ಗಂಗಾವಳಿ

ತಾಲ್ಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಅಂತ ಬೋರ್ಡ್ ನೋಡಿದ್ದೇನೆ. ಅದು ಇದಕ್ಕೇ ಅಲ್ವಾ?

ಹೊನ್ನಾವರದ ಆಶಾ

ಅದಕ್ಕೇ. 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು, 10ರಿಂದ 19 ವಯಸ್ಸಿನವರಿಗೆ. ಊಟ, ರಕ್ತಹೀನತೆ, ಮನಸ್ಸಿನ ತೊಂದರೆ, ಚಟ, ಮುಟ್ಟು, ಗರ್ಭನಿರೋಧಕ, ಏನನ್ನೂ ಕೇಳಬಹುದು, ದುಡ್ಡಿಲ್ಲ. ಆದರೆ ನಾನು ಕಂಡ ಒಂದು ಕಡೆ ಬೋರ್ಡ್ ಇರುವುದು ಹೆರಿಗೆ ವಾರ್ಡಿಗೆ ಹೋಗುವ ದಾರಿಯಲ್ಲಿ. ಹೊರಗಿನ ಬೆಂಚಿನಲ್ಲಿ ಊರಿನ ಅರ್ಧ ಜನ ಕೂತಿರುತ್ತಾರೆ. ಒಬ್ಬ ಹುಡುಗಿ ಮೊಡವೆಗೆ ಅಂತ ಬಂದರೂ ಸಂಜೆಯೊಳಗೆ ಮನೆಗೆ ಸುದ್ದಿ. ಅದಕ್ಕೆ ನಾನು ಸುಮ್ಮನೆ “ರಕ್ತ ಪರೀಕ್ಷೆಗೆ ಬಾ ತಂಗೀ” ಎಂದು ಕರೆದುಕೊಂಡು ಹೋಗುತ್ತೇನೆ. ಒಳಗೆ ಹೋದ ಮೇಲೆ ಏನು ಬೇಕಾದರೂ ಕೇಳಿಕೊಳ್ಳಲಿ.

ಅಡಿಕೆ ತೋಟ

ಎರಡು ದಿನದಿಂದ ಎಲ್ಲ ಓದುತ್ತಿದ್ದೇನೆ. ನಿನ್ನೆ ಮಗಳ ಮೊಬೈಲ್ ಕೈಗೆ ಸಿಕ್ಕಿತ್ತು. ಕೆಟ್ಟದ್ದೇನಿಲ್ಲ. “ಮುಟ್ಟು ಎರಡು ತಿಂಗಳು ಬರದಿದ್ದರೆ ಕ್ಯಾನ್ಸರಾ” ಎಂದು ಹುಡುಕಿದ್ದಾಳೆ. ಮನೆಯಲ್ಲಿ ಆಯಿ, ಅಜ್ಜಿ, ಅತ್ತೆ ಮೂರು ಜನ ಹೆಂಗಸರಿದ್ದಾರೆ. ಯಾರನ್ನೂ ಕೇಳಿಲ್ಲ.

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಹದಿನೈದಕ್ಕೆ ಮಾತ್ರೆಯ ಗಂಟೆ ಲೆಕ್ಕ ಬೇಕೇ ಎಂಬ ಬಗ್ಗೆ ಈಗಲೂ ಅನುಮಾನ ಇದೆ. ಆದರೆ ಅಕ್ಕೋರೆ, ಮಕ್ಕಳಿಗೆ ಹೇಳುವ ಮೊದಲು ಅದೇ ಪಾಠವನ್ನು ಪಾಲಕರಿಗೆ ಒಮ್ಮೆ ಮಾಡಿ. ನಮ್ಮಿಂದ ಮುಚ್ಚಿ ಕಲಿಸುತ್ತಿದ್ದಾರೆ ಎಂಬುದೇ ಅರ್ಧ ಸಿಟ್ಟು.

ಡಾಕ್ಟ್ರಮ್ಮ ಕಾರವಾರ

ತೋಟದವರೇ, ಮುಟ್ಟು ಶುರುವಾಗಿ ಒಂದೆರಡು ವರ್ಷ ಏರುಪೇರು ಸಾಮಾನ್ಯ. ಮೂರು ತಿಂಗಳು ದಾಟಿದರೆ ತೋರಿಸಿ. ಕ್ಯಾನ್ಸರ್ ಅಲ್ಲ ಎಂದು ಇವತ್ತೇ ಹೇಳಿ ಅವಳಿಗೆ. ನೀವೇ ಹೇಳಿ, ಆಯಿಯ ಕೈಲಿ ಹೇಳಿಸಬೇಡಿ.

ಅಘನಾಶಿನಿ ಅಕ್ಕೋರು

ಸಭೆ ಮುಗಿಯಿತು. ತೋಟದವರ ಸಲಹೆಯಂತೆ ಪಾಲಕರಿಗೇ ಮೊದಲು ಪಾಠ ಮಾಡಿದೆ. ಬಂದವರಲ್ಲಿ ತಾಯಂದಿರೇ ಹೆಚ್ಚು, ಅಪ್ಪಂದಿರು ಆರು ಜನ, ಅವರಲ್ಲಿ ಇಬ್ಬರು ನಡುವೆ ಎದ್ದು ಹೋದರು. ಚೀಟಿಗಳನ್ನು ಓದಿದೆ. ಪಪ್ಪಾಯಿಗೆ ನಗು ಬಂತು, ಕಾಪರ್-ಟಿಗೆ ಯಾರೂ ನಗಲಿಲ್ಲ. ಹಿಂದೆ ಕೂತ ಒಬ್ಬರು, “ಅದು ನಿಜ ಅಲ್ವಾ ಅಕ್ಕೋರೆ? ಅದೇ ಹೆದರಿಕೆಗೆ ನಾನು ತೆಗೆಸಿಬಿಟ್ಟೆ” ಎಂದರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಕೇಳಿದ್ದೇ ಕೇಳಿದ್ದು. ಒಂದು ಗಂಟೆ ಎಂದಿದ್ದ ಸಭೆ ಮಧ್ಯಾಹ್ನದ ಗಂಜಿಯ ಹೊತ್ತು ದಾಟಿತು.

ತೀರ್ಮಾನ ಇಷ್ಟು. ಡಬ್ಬ ಹೊರಗೆ ಬರುತ್ತದೆ. ಬುಧವಾರ ಪಿಎಚ್‌ಸಿಯ ಸಿಸ್ಟರ್ ಬರುತ್ತಾರೆ, ಹುಡುಗರೂ ಒಳಗೇ ಕೂರಬೇಕು. ಕಾನೂನಿನ 18 ಮೊದಲು, ಬೇಡ ಎನ್ನುವ ಹಕ್ಕು ಆಮೇಲೆ, ವಿಧಾನಗಳು ಕೊನೆಗೆ. ತುರ್ತು ಮಾತ್ರೆ ಹೇಳಬೇಕೋ ಬೇಡವೋ ಎಂದು ಜಗಳವಾಗಿ, ಕಡೆಗೆ “ಮಕ್ಕಳು ಚೀಟಿಯಲ್ಲಿ ಕೇಳಿದರೆ ಹೇಳಿ” ಎಂದರು. ಆಗಲೇ ಕೇಳಿಯಾಗಿದೆ ಎಂದು ನಾನು ನೆನಪಿಸಲು ಹೋಗಲಿಲ್ಲ.

ಒಂದು ತೊಡಕು. ತೋರಿಸಲು ವಸ್ತುಗಳು ಬೇಕು. ಪುಸ್ತಕದ ಕಪ್ಪು ಬಿಳುಪು ಚಿತ್ರದಲ್ಲಿ ಕಾಪರ್-ಟಿ ಗಾಳದ ಹಾಗೆ ಕಾಣುತ್ತದೆ, ಹೆದರದೆ ಏನು ಮಾಡುತ್ತಾರೆ?

ಮಾತ್ರೆ ಮಾರುವವ

ನಿರೋಧ್, ಮಾಲಾ-ಡಿ, ತುರ್ತು ಮಾತ್ರೆಯ ಖಾಲಿ ಡಬ್ಬ ನಾನು ಕಳಿಸುತ್ತೇನೆ, ದುಡ್ಡು ಬೇಡ. ಕಾಪರ್-ಟಿ ನನ್ನಲ್ಲಿಲ್ಲ, ಸಿಸ್ಟರ್ ಹತ್ತಿರ ಕೇಳಿ, ಮಾದರಿಗೆ ಒಂದು ಇರುತ್ತದೆ. ಮಂಗಳವಾರ ಬೆಳಿಗ್ಗೆ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಕೊಟ್ಟರೆ ಕುಮಟಾ ಸ್ಟ್ಯಾಂಡಿನಲ್ಲಿ ತೆಗೆದುಕೊಳ್ಳುತ್ತೀರಾ? ಪೇಪರಿನಲ್ಲಿ ಸುತ್ತಬೇಕೋ ಬೇಡವೋ ಹೇಳಿ.

ಅಘನಾಶಿನಿ ಅಕ್ಕೋರು

ಬೇಡ. ಹಾಗೇ ಕೊಡಿ. ಮೇಲೆ “ಹತ್ತನೇ ತರಗತಿ, ವಿಜ್ಞಾನ” ಎಂದು ಬರೆಯಿರಿ.